ಡೇರೆ ವಾಸಕ್ಕೊಂದು ಕೊಡಲಿ

ಟೆಂಟ್ ಹಾಕಿಕೊಂಡು ಒಂದೆರಡು ದಿನ ಹೊರಗೆ ಕಳೆಯುವವನಿಗೆ ಬೇಕಾದ ಕೊಡಲಿ ಬೇರೆ, ಮರ ಕಡಿಯುವವನ ಕೊಡಲಿ ಬೇರೆ ಎಂಬುದನ್ನು ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಇತ್ಯರ್ಥ ಮಾಡಿಕೊಂಡರೆ ಅರ್ಧ ದುಡ್ಡು ಅಲ್ಲಿಯೇ ಉಳಿಯುತ್ತದೆ. ಕಳೆದ ಡಿಸೆಂಬರಿನಲ್ಲಿ ಶಿರಸಿಯ ಸಮೀಪ ಭಾವನ ತೋಟದ ಮೇಲಿನ ಬೇಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಗೆಳೆಯರೊಡನೆ ಬೀಡು ಬಿಡುವುದೆಂದು ನಿಶ್ಚಯವಾದಾಗ ಕೊಡಲಿಯ ಹೊಣೆ ನನ್ನ ಪಾಲಿಗೆ ಬಂತು. ಅಲ್ಲಿ ಕಡಿಯಬೇಕಾದ ಮರವೇನೂ ಇರಲಿಲ್ಲ. ಮಳೆಗಾಲದಲ್ಲಿ ಉರುಳಿ ಒಣಗಿದ್ದ ಅಕೇಶಿಯಾ ಬೇಕಾದಷ್ಟಿತ್ತು. ತೋಳುಗಾತ್ರದ ತುಂಡುಗಳನ್ನು ಸೀಳುವುದು, ಒಲೆ ಹೊತ್ತಿಸಲು ಬೆರಳುಗಾತ್ರದ ಚಕ್ಕೆ ತೆಗೆಯುವುದು, ಟೆಂಟಿನ ಗೂಟ ಹೆರೆದು ಕೊಡಲಿಯ ಹಿಂಬದಿಯಿಂದ ಹೊಡೆದು ನೆಡುವುದು, ಇಷ್ಟೇ ಕೆಲಸ. ಡಿಸೆಂಬರಿನ ಇಬ್ಬನಿಗೆ ಸೌದೆಯ ಮೈ ಒದ್ದೆಯಾಗಿದ್ದರೂ ಒಳಗಿನ ತಿರುಳು ಒಣಗಿಯೇ ಇರುತ್ತದೆ. ಆ ತಿರುಳನ್ನು ಹೊರತೆಗೆಯುವುದಕ್ಕೇ ಇಂಥ ಕಡೆ ಕೊಡಲಿ ಬೇಕಾಗುವುದು.

ನಮ್ಮ ತಂಡದ ಒಬ್ಬನಿಗೆ ಸ್ವೀಡನ್ನಿನ ಕೊಡಲಿಯ ಮೇಲೆ ಕಣ್ಣಿತ್ತು. ಅದರಲ್ಲಿ ತಪ್ಪೇನಿಲ್ಲ. 1697ರಲ್ಲಿ ಆರಂಭವಾದ ಅಲ್ಲಿನ ಹುಲ್ಟ್ಸ್ ಬ್ರೂಕ್ ಕಾರ್ಖಾನೆ ಇಂದಿಗೂ ಕೊಡಲಿ ತಯಾರಿಸುತ್ತಿದೆ. ಗ್ರಾನ್ಸ್‌ಫೋರ್ಸ್ ಬ್ರೂಕ್‌ನಲ್ಲಿ ಕೊಡಲಿ ಬಡಿದ ಕಮ್ಮಾರನ ಹೆಸರಿನ ಮೊದಲಕ್ಷರಗಳನ್ನು ಅದರ ಮೇಲೆ ಒತ್ತುತ್ತಾರೆ. ಆದರೆ ಅಂಥದ್ದು ಇಲ್ಲಿ ಕೈಸೇರುವಷ್ಟರಲ್ಲಿ ತಗಲುವ ಖರ್ಚು ವರ್ಷಕ್ಕೊಮ್ಮೆ ಸೌದೆ ಸೀಳುವ ನಮ್ಮಂಥವರಿಗೆ ಹೊಂದುವುದಲ್ಲ. ಇನ್ನೊಬ್ಬ ಆನ್‌ಲೈನಿನಲ್ಲಿ ತೋರಿಸಿದ್ದು ಹಿಡಿಯೊಳಗೆ ಗರಗಸ, ಸ್ಕ್ರೂಡ್ರೈವರ್, ದಿಕ್ಸೂಚಿ ಎಲ್ಲವನ್ನೂ ತುಂಬಿಸಿದ್ದ ಹೊಳೆಯುವ ಸ್ಟೀಲಿನ ಸಾಧನ. ಟೊಳ್ಳು ಹಿಡಿಯ ಕೊಡಲಿಯನ್ನು ಗಂಟುಮರಕ್ಕೆ ಬೀಸುವ ಧೈರ್ಯ ನನಗಂತೂ ಇಲ್ಲ.

ಶಿರಸಿ ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಡಲಿಗಳನ್ನು ಕಾವಿಲ್ಲದೆ, ಅಂದರೆ ಮರದ ಹಿಡಿಯಿಲ್ಲದೆ, ಬುಟ್ಟಿಯಲ್ಲಿ ಸುರಿದಿಟ್ಟಿದ್ದರು. ಹೆಚ್ಚಿನವು ಒಂದೂವರೆ ಕಿಲೋದ ಆಸುಪಾಸಿನವು. ನಿಂತು ಎರಡೂ ಕೈಯಲ್ಲಿ ಬೀಸುವವರಿಗೆ ಸರಿ, ಚೀಲದಲ್ಲಿ ಹೊತ್ತೊಯ್ಯುವವರಿಗೆ ಹೊರೆ. ನನಗೆ ಬೇಕಿದ್ದದ್ದು ಕಾವು ಬಿಟ್ಟು ಏಳುನೂರು ಗ್ರಾಮಿನ ಸುತ್ತಮುತ್ತಲಿನದು. ಬುಟ್ಟಿಯ ತಳದಲ್ಲಿ ಅಂಥವು ಒಂದೆರಡು ಸಿಕ್ಕವು. ಒಂದರಲ್ಲಿ ಕಾವು ಸೇರಿಸುವ ತೂತು ಕೊಡಲಿಯ ಹರಿತ ಬಾಯಿಯ ಗೆರೆಗೆ ನೇರವಾಗಿರಲಿಲ್ಲ. ಅಂಥದ್ದಕ್ಕೆ ಎಷ್ಟು ಒಳ್ಳೆಯ ಕಾವು ಹಾಕಿದರೂ ಏಟು ಓರೆಯಾಗಿಯೇ ಬೀಳುತ್ತದೆ. ಇನ್ನೊಂದರ ಬಾಯಿಯ ಅಂಚಿನಲ್ಲಿ ಉಗುರಗಲದ ನೀಲಿ ಕಲೆಯಿತ್ತು. ಯಂತ್ರದ ಸಾಣೆಗೆ ಒತ್ತಿ ಹಿಡಿದು ಉಕ್ಕು ಮಿತಿಮೀರಿ ಕಾದಾಗ ಹೀಗೆ ನೀಲಿಗಟ್ಟುತ್ತದೆ. ಅಷ್ಟು ಜಾಗದ ಹದ, ಅಂದರೆ ಕಾಯಿಸಿ ತಣಿಸಿ ಉಕ್ಕಿಗೆ ಕೊಟ್ಟ ಗಡಸುತನ, ಹೋಯಿತೆಂದೇ ಅರ್ಥ. ಅಂಗಡಿಯವರು, “ಎರಡು ಸಲ ಮಸೆದರೆ ಹೋಗ್ತದೆ, ತಗೊಳ್ಳಿ” ಎಂದರು. ಮಸೆದರೆ ಬಣ್ಣ ಹೋಗುತ್ತದೆ ನಿಜ, ಹದ ಮರಳಿ ಬರುವುದಿಲ್ಲ. ಕೊಡಲಿ ಬಿಟ್ಟು ಒಂದು ಅರ ಮಾತ್ರ ಕೊಂಡು ಹೊರಬಂದೆವು.

ಭಾವ ಬೈಕನ್ನು ನೇರವಾಗಿ ತಮ್ಮ ಊರಿನ ಕುಲುಮೆಯತ್ತ ತಿರುಗಿಸಿದರು. ತಿದಿಯ ಜಾಗದಲ್ಲಿ ಕರೆಂಟಿನ ಬ್ಲೋವರ್ ಬಂದಿದೆ ಎನ್ನುವುದನ್ನು ಬಿಟ್ಟರೆ ಉಳಿದದ್ದೆಲ್ಲ ಹಿಂದಿನಂತೆಯೇ. “ಆಚಾರ್ರೇ, ನಮ್ಮ ಬೆಂಗಳೂರಿನ ಭಾವನಿಗೆ ಒಂದು ಸಣ್ಣ ಕೊಡಲಿ ಬೇಕಂತೆ, ಆಟಕ್ಕಲ್ಲ, ಕೆಲಸಕ್ಕೆ” ಎಂದು ಪರಿಚಯಿಸಿದಾಗ ಅವರು ಮೂಲೆಯಿಂದ ಒಂದನ್ನು ತೆಗೆದುಕೊಟ್ಟರು. ಮನೆಯ ಹೆಂಗಸರು ಸೌದೆ ಸೀಳಲು ಬಳಸುವ ಅಳತೆಯದು. ಮೈ ಮೆದು ಕಬ್ಬಿಣದ್ದು, ಬಾಯಿಗೆ ಮಾತ್ರ ಲಾರಿಯ ಸ್ಪ್ರಿಂಗ್ ಪಟ್ಟಿಯ ಉಕ್ಕು ಸೇರಿಸಿ ಬಡಿದದ್ದು. ಹಿಂಬದಿ ಚಪ್ಪಟೆಯಾಗಿ, ಗೂಟ ಹೊಡೆಯಲು ಹೇಳಿ ಮಾಡಿಸಿದಂತಿತ್ತು. ಆದರೆ ಬಾಯಿ ತುಸು ದಪ್ಪ. ದಪ್ಪ ಬಾಯಿಯ ಕೊಡಲಿ ಸೀಳುತ್ತದೆ, ಹೆರೆಯುವುದಿಲ್ಲ; ತೀರಾ ತೆಳುವಾದದ್ದು ಹೆರೆಯುತ್ತದೆ, ಸೀಳುವಾಗ ಮರದಲ್ಲಿ ಕಚ್ಚಿಕೊಳ್ಳುತ್ತದೆ. ನನಗೆ ಎರಡೂ ಕೆಲಸ ಆಗಬೇಕೆಂದಾಗ, ಬಾಯನ್ನು ಇನ್ನಷ್ಟು ಬಡಿದು ಹೊಸದಾಗಿ ಹದ ಕೊಡುತ್ತೇನೆಂದು ಒಪ್ಪಿಕೊಂಡರು.

ಹದ ಕೊಡುವುದನ್ನು ಹತ್ತಿರದಿಂದ ನೋಡಲು ಸಿಕ್ಕಿದ್ದು ಆ ದಿನದ ಲಾಭ. ಬಾಯಿಯ ಭಾಗ ಕೆಂಪಗೆ ಕಾದಿದ್ದಾಗ ಅವರು ಮೊದಲು ಬೇರೊಂದು ಕಾದ ಕಬ್ಬಿಣವನ್ನು ನೀರಿನ ತೊಟ್ಟಿಗೆ ಅದ್ದಿದರು. ತೀರಾ ತಣ್ಣೀರಿಗೆ ಈ ಉಕ್ಕು ಬಿರುಕು ಬಿಡುತ್ತದಂತೆ. ಅನಂತರ ಇಕ್ಕಳದಲ್ಲಿ ಹಿಡಿದ ಕೊಡಲಿಯ ಬಾಯನ್ನಷ್ಟೇ ಎರಡು ಬೆರಳಿನಷ್ಟು ಆಳ ಮುಳುಗಿಸಿ, ಮೇಲಕ್ಕೆತ್ತಿ, ಸಾಣೆಕಲ್ಲಿನ ತುಂಡಿನಿಂದ ಒಂದು ಮಗ್ಗುಲನ್ನು ಬೇಗ ಬೇಗ ತಿಕ್ಕಿ ಬೆಳ್ಳಗೆ ಮಾಡಿದರು. ಮೈಯಲ್ಲಿ ಉಳಿದಿದ್ದ ಬಿಸಿ ನಿಧಾನವಾಗಿ ಬಾಯಿಯತ್ತ ಇಳಿಯತೊಡಗಿತು. ಆ ಬೆಳ್ಳಗಿನ ಪಟ್ಟಿಯಲ್ಲಿ ಮೊದಲು ಒಣಹುಲ್ಲಿನ ಬಣ್ಣ, ಅದರ ಹಿಂದೆ ಕಂದು, ಅದರ ಹಿಂದೆ ನೇರಳೆ ಒಂದನ್ನೊಂದು ತಳ್ಳಿಕೊಂಡು ಬಂದವು. ನೇರಳೆ ಅಂಚನ್ನು ಮುಟ್ಟಿದ್ದೇ ತಡ ಇಡೀ ಕೊಡಲಿ ನೀರಿಗೆ ಬಿತ್ತು. “ಹುಲ್ಲಿನ ಬಣ್ಣದಲ್ಲೇ ನಿಲ್ಲಿಸಿದ್ರೆ ಗಂಟಿಗೆ ಹೊಡೆದಾಗ ಮುಕ್ಕಾಗ್ತದೆ ಹೆಗಡೇರೆ, ನೀಲಿಗೆ ಬಿಟ್ರೆ ಮಡಚ್ತದೆ” ಎಂದು ಭಾವನಿಗೆ ಹೇಳಿದರು. ಉಕ್ಕಿನ ಮೇಲೆ ನೇರಳೆ ಮೂಡುವುದು ಸುಮಾರು 280 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆಚಾರ್ರಿಗೆ ಆ ಅಂಕಿ ಬೇಕಿಲ್ಲ. ತಣಿದ ಮೇಲೆ ಅಂಚಿಗೆ ಅರ ಹಾಕಿ ನೋಡಿದೆ. ಪೂರ್ತಿ ಜಾರಿದರೆ ಹದ ಗಡಸು, ಬೆಣ್ಣೆಯಂತೆ ಕೊರೆದರೆ ಮೆದು. ಇದು ಒತ್ತಿದಾಗ ಮಾತ್ರ ಕಚ್ಚುತ್ತಿತ್ತು.

ಕಾವಿನ ವಿಷಯದಲ್ಲಿ ಭಾವನಿಗೂ ನನಗೂ ಸ್ವಲ್ಪ ಚರ್ಚೆಯಾಯಿತು. ಮರ ದಡಸಲಿನದೇ ಆಗಬೇಕೆನ್ನುವಲ್ಲಿ ತಕರಾರಿರಲಿಲ್ಲ. ಏಟಿನ ಅದುರನ್ನು ನುಂಗಿಕೊಂಡು ಬಾಗುವ ಗುಣ ಅದಕ್ಕಿದೆ. ತುದಿಯಲ್ಲಿ ಕಾಣುವ ಮರದ ಎಳೆಗಳು ಬಾಯಿಯ ಗೆರೆಗೆ ಅಡ್ಡವಾಗಿರದೆ ಅದೇ ದಿಕ್ಕಿನಲ್ಲಿರುವ ತುಂಡನ್ನು ಆರಿಸಿದೆವು. ಉದ್ದ ಎಷ್ಟಿರಬೇಕೆಂಬುದೇ ಪ್ರಶ್ನೆ. ಉದ್ದದ ಕಾವಿನ ಕೊಡಲಿ ಗುರಿ ತಪ್ಪಿದರೆ ನೆಲಕ್ಕೆ ಹೋಗುತ್ತದೆ, ಗಿಡ್ಡದ್ದು ಮೊಣಕಾಲಿಗೆ ಬರುತ್ತದೆ, ಹಾಗಾಗಿ ಉದ್ದದ್ದೇ ಇರಲಿ ಎಂದು ಭಾವನ ವಾದ. ವಾದ ಸರಿಯೇ, ಆದರೆ ಚೀಲದಲ್ಲಿ ಹಿಡಿಯಬೇಕಲ್ಲ. ಕಡೆಗೆ ಸುಮಾರು ಐವತ್ತು ಸೆಂಟಿಮೀಟರಿಗೆ ಒಪ್ಪಂದವಾಯಿತು. ಸೀಳುವಾಗ ಮಂಡಿಯೂರಿ ಕುಳಿತು, ಕೆಳಗೆ ಅಡಿಮರವೊಂದನ್ನು ಇಟ್ಟುಕೊಳ್ಳಬೇಕೆಂಬ ಷರತ್ತಿನೊಂದಿಗೆ. ಮಂಡಿಯೂರಿದಾಗ ತಪ್ಪಿದ ಏಟು ಅಡಿಮರಕ್ಕೋ ನೆಲಕ್ಕೋ ಬೀಳುತ್ತದೆಯೇ ಹೊರತು ಕಾಲಿಗಲ್ಲ. ಕಾವು, ಬೆಣೆ, ಅರ ಎಲ್ಲ ಸೇರಿ ಖರ್ಚು ಸಾವಿರ ರೂಪಾಯಿ ದಾಟಲಿಲ್ಲ.

ಬೇಣದಲ್ಲಿ ಆ ರಾತ್ರಿ ಅಕೇಶಿಯಾದ ಗಂಟುಗಳು ಕೊಡಲಿಯನ್ನು ಚೆನ್ನಾಗಿಯೇ ಪರೀಕ್ಷಿಸಿದವು. ಸಣ್ಣ ಚಕ್ಕೆ ತೆಗೆಯುವಾಗ ಬೀಸುವುದನ್ನೇ ಬಿಟ್ಟು, ಕೊಡಲಿಯ ಬಾಯನ್ನು ತುಂಡಿನ ತಲೆಗೆ ಆನಿಸಿ, ಎರಡನ್ನೂ ಒಟ್ಟಿಗೆ ಎತ್ತಿ ಅಡಿಮರಕ್ಕೆ ಕುಟ್ಟಿದರೆ ಬೆರಳಿಗೆ ಅಪಾಯವಿಲ್ಲದೆ ಸೀಳುತ್ತದೆ. ಸ್ವೀಡನ್ನಿನ ಕನಸಿನ ಗೆಳೆಯ ಇದನ್ನು ಕಲಿತ ಮೇಲೆ ಕೊಡಲಿಯನ್ನು ಯಾರಿಗೂ ಕೊಡಲಿಲ್ಲ. ಬೆಳಿಗ್ಗೆ ನೋಡಿದಾಗ ಬಾಯಿ ಮುಕ್ಕಾಗಿರಲಿಲ್ಲ, ಒಂದು ಕಡೆ ಮಾತ್ರ ಮಂಕಾಗಿತ್ತು. ಇದು ಸ್ವಂತ ಜಾಗದ ಮಾತು ಎಂಬುದನ್ನೂ ಹೇಳಬೇಕು: ವನ್ಯಧಾಮದೊಳಗೆ ಅನುಮತಿಯಿಲ್ಲದೆ ಆಯುಧ ಒಯ್ಯಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ, ಕೊಡಲಿಯನ್ನೂ ಅಲ್ಲಿ ಆಯುಧವೆಂದೇ ಎಣಿಸಬಹುದು.

ಬೆಂಗಳೂರಿನ ಮಾರ್ಚ್ ಬಿಸಿಲಿಗೆ ಕಾವು ಒಣಗಿ ಕೊಡಲಿ ತುಸು ಅಲುಗಾಡತೊಡಗಿತು. ರಾತ್ರಿಯಿಡೀ ನೀರಿನಲ್ಲಿ ನೆನೆಸಿಡುವ ರೂಢಿಯಿದೆಯಾದರೂ ಉಬ್ಬಿದ ಮರ ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಸಡಿಲವಾಗುತ್ತದೆ. ನಾನು ಹಳೆಯ ಮರದ ಬೆಣೆಗೆ ಅಡ್ಡಲಾಗಿ ಸಣ್ಣದೊಂದು ಕಬ್ಬಿಣದ ಬೆಣೆ ಹೊಡೆದು, ಕಾವಿಗೆ ಅಗಸೆ ಎಣ್ಣೆ ಸವರಿ, ಅಡುಗೆಮನೆಯ ಅಟ್ಟದ ನೆರಳಿನಲ್ಲಿಟ್ಟಿದ್ದೇನೆ.