ಲಾಲ್‌ಬಾಗ್ ಗೋಪುರದಿಂದ ಕೆಂಪಾಂಬುಧಿ ಗೋಪುರಕ್ಕೆ: ಇಬ್ಬರ ಒಂದು ದಿನದ ನಡಿಗೆ

ತುಮಕೂರು, 15 ಡಿಸೆಂಬರ್ 2024, ಭಾನುವಾರ ರಾತ್ರಿ

ನಾಳೆ ಬೆಂಗಳೂರನ್ನು ದಿನವಿಡೀ ನಡೆದೇ ನೋಡೋಣ ಎಂದು ರಾತ್ರಿ ಊಟದ ಹೊತ್ತಿಗೆ ಅನ್ನಿಸಿದರೆ ಬೆಳಗ್ಗೆ ಹೊರಟುಬಿಡಬಹುದು. ತುಮಕೂರಿನ ಗಂಡ ಹೆಂಡಿರಿಗೆ ಆ ಅನುಕೂಲ ಇದೆ. ಮೆಟ್ರೋದ ಹಸಿರು ಮಾರ್ಗ 2024ರ ನವೆಂಬರಿನಿಂದ ನಮ್ಮ ರಸ್ತೆಯ ಮೇಲಿನ ಮಾದಾವರದವರೆಗೂ ಬಂದಿದೆ. ಅಲ್ಲಿಂದ ಹೊರಟರೆ ಹಳೇ ಪೇಟೆಯ ಅಡಿಯಲ್ಲಿ ಹಾದು ಲಾಲ್‌ಬಾಗಿನ ಬಾಗಿಲಿಗೇ ಹೋಗುತ್ತದೆ. ಈ ಮಾರ್ಗದಿಂದ ಎರಡು ಕಿಲೋಮೀಟರಿಗಿಂತ ದೂರ ಹೋಗಬಾರದು ಎಂಬ ಒಂದೇ ಕಟ್ಟು ಇಟ್ಟುಕೊಂಡರೆ ಸಾಕು, ಉಳಿದದ್ದನ್ನು ಕಾಲಿಗೆ ಬಿಡಬಹುದು. ಯಾರ ಕಾಲು ಎಲ್ಲಿ ಸೋತರೂ ಅರ್ಧ ಗಂಟೆಯಲ್ಲಿ ಒಂದು ನಿಲ್ದಾಣ ಸಿಗುತ್ತದೆ. ಇವತ್ತಿನದು ಸುಮಾರು 14 ಕಿ.ಮೀ.

ಭಾನುವಾರ ಮೆಟ್ರೋ ಶುರುವಾಗುವುದೇ ಬೆಳಗ್ಗೆ 7ಕ್ಕೆ. ಅದಕ್ಕಿಂತ ಮೊದಲು ತಲುಪಿದರೆ ಮುಚ್ಚಿದ ಗೇಟಿನ ಹೊರಗೆ ಚಳಿಯಲ್ಲಿ ನಿಲ್ಲಬೇಕು. ತುಮಕೂರು ಬಸ್‌ ಸ್ಟ್ಯಾಂಡಿನಿಂದ ಐದು ಮುಕ್ಕಾಲಿನ ಸುಮಾರಿಗೆ ಹೊರಟರೆ ಲೆಕ್ಕ ಸರಿಹೋಗುತ್ತದೆ. ಸಾಮಾನ್ಯ ಸಾರಿಗೆ ಬಸ್ಸಾದರೆ ಹೆಂಗಸರಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಸಿಗುತ್ತದೆ, ಆಧಾರ್ ಕಾರ್ಡು ಕೈಯಲ್ಲಿರಬೇಕು. ರಾಜಹಂಸಕ್ಕೆ ಅದು ನಡೆಯುವುದಿಲ್ಲ. ಹತ್ತುವಾಗಲೇ ಕಂಡಕ್ಟರನ್ನು ಒಂದು ಮಾತು ಕೇಳಬೇಕು: ಬಸ್ಸು ಮೇಲ್ಸೇತುವೆ ಹತ್ತುತ್ತದಾ, ಕೆಳಗೆ ಹೋಗುತ್ತದಾ? ಮೇಲೆ ಹತ್ತಿದರೆ ದಾಸರಹಳ್ಳಿ, ಜಾಲಹಳ್ಳಿ ಕ್ರಾಸು ಎಲ್ಲ ಕಾಲ ಕೆಳಗೇ ಹೋಗುತ್ತವೆ, ಇಳಿಯುವುದು ಗೊರಗುಂಟೆಪಾಳ್ಯದಲ್ಲೇ. ಅಲ್ಲೂ ಹಸಿರು ಮಾರ್ಗದ ನಿಲ್ದಾಣವಿದೆ, ಹಾಗಾಗಿ ನಷ್ಟವಿಲ್ಲ.

ಕೃಷ್ಣರಾಜ ಮಾರ್ಕೆಟ್ ನಿಲ್ದಾಣದಲ್ಲಿ ಇಳಿದು, ಶೌಚಾಲಯದ ಕೆಲಸ ಅಲ್ಲೇ ಮುಗಿಸಿಕೊಂಡು ಮೇಲೆ ಬರಬೇಕು. ಮುಂದೆ ಲಾಲ್‌ಬಾಗಿನವರೆಗೆ ಚೊಕ್ಕವಾದದ್ದು ಸಿಗುವುದು ಕಷ್ಟ. ಹೂವಿನ ಮಾರ್ಕೆಟ್ಟನ್ನು ಮೊದಲು ಮೇಲಿನ ಅಂತಸ್ತಿನಿಂದ ಬಗ್ಗಿ ನೋಡಿ. ಸೇವಂತಿಗೆ, ಚೆಂಡು ಹೂವು, ಗುಲಾಬಿಯ ರಾಶಿಗಳು ಅಲ್ಲಿಂದ ಕಂಡಷ್ಟು ಚೆನ್ನಾಗಿ ಒಳಗೆ ಹೊಕ್ಕಾಗ ಕಾಣುವುದಿಲ್ಲ. ಹೊತ್ತೇರಿದಂತೆ ರಾಶಿ ಕರಗುತ್ತದೆ, ಆದ್ದರಿಂದ ಎಂಟರೊಳಗೆ ಇಲ್ಲಿರಬೇಕು. ಕಟ್ಟಡ 1921ರದು. ಈ ಮಾರ್ಕೆಟ್ ಬೀದಿಯಲ್ಲೇ 1905ರಲ್ಲಿ ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನ ಮೊದಲ ವಿದ್ಯುತ್ ದೀಪಗಳು ಉರಿದವು. ಹೂ ಕೊಳ್ಳುವ ಆಸೆಯಾದರೆ ಮುಡಿಯುವುದಕ್ಕೆ ಒಂದೆರಡು ಮೊಳ ಸಾಕು, ಬಿಡಿ ಹೂವಿನ ಚೀಲ ಹೊತ್ತು ದಿನವಿಡೀ ನಡೆಯುವುದು ಆಗದ ಮಾತು.

ಆ ದಿನದ ನಡಿಗೆ ಕೆಡುವುದೂ ಇಲ್ಲೇ, ಆದರೆ ಗೊತ್ತಾಗುವುದು ಮಧ್ಯಾಹ್ನ. ನೆಲವೆಲ್ಲ ನೀರು, ಕೊಳೆತ ಎಲೆ, ದಂಟು. ಬಟ್ಟೆಯ ಶೂ ನೀರು ಕುಡಿಯುತ್ತದೆ, ಕಾಲುಚೀಲ ಒದ್ದೆಯಾಗುತ್ತದೆ. ಒದ್ದೆಯಲ್ಲಿ ನೆನೆದ ಚರ್ಮ ಮೆತ್ತಗಾಗಿ ಉಜ್ಜುವಿಕೆ ತಡೆಯಲಾರದೆ ಐದಾರು ಕಿ.ಮೀ. ಆಗುವಷ್ಟರಲ್ಲಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿರುತ್ತದೆ. ಚೀಲದಲ್ಲಿ ತಲಾ ಒಂದು ಜೊತೆ ಒಣ ಕಾಲುಚೀಲ ಇರಲೇಬೇಕು. ಬೊಬ್ಬೆ ಏಳುವ ಮೊದಲು ಆ ಜಾಗ ಸುಡುತ್ತದೆ. ಸುಟ್ಟ ಕೂಡಲೇ ನಿಂತು ಪ್ಲಾಸ್ಟರ್ ಹಚ್ಚಿದರೆ ದಿನ ಉಳಿಯುತ್ತದೆ. ಇನ್ನೊಬ್ಬರಿಗೆ ತೊಂದರೆ ಯಾಕೆ ಎಂದು ಸುಮ್ಮನೆ ನಡೆಯುವುದೇ ಜೋಡಿಗಳು ಮಾಡುವ ದೊಡ್ಡ ತಪ್ಪು. ನಿಧಾನ ನಡೆಯುವವರು ಮುಂದೆ ಇರಲಿ, ಬೇಗ ನಡೆಯುವವರು ಹಿಂದೆ.

ಮಾರ್ಕೆಟ್ಟಿನಿಂದ ಉತ್ತರಕ್ಕೆ ಅವೆನ್ಯೂ ರಸ್ತೆ. ಕೆಂಪೇಗೌಡರು 1537ರಲ್ಲಿ ಊರು ಕಟ್ಟಿಸಿದಾಗಿನ ದೊಡ್ಡಪೇಟೆ ಬೀದಿ ಇದೇ, ಅದನ್ನು ಅಡ್ಡ ಹಾಯುವುದು ಚಿಕ್ಕಪೇಟೆ. ಭಾನುವಾರ ಬಹುಪಾಲು ಅಂಗಡಿ ಬಾಗಿಲು ಹಾಕಿರುತ್ತವೆ. ಸೀರೆ ಕೊಳ್ಳುವವರಿಗೆ ಇದು ಕೆಟ್ಟ ದಿನ, ಪೇಟೆ ನೋಡುವವರಿಗೆ ಇದಕ್ಕಿಂತ ಒಳ್ಳೆಯ ದಿನವಿಲ್ಲ. ತಲೆಯೆತ್ತಿ ನೋಡಿದರೆ ಬೋರ್ಡುಗಳ ಮೇಲೆ ಹಳೆಯ ಮಹಡಿ ಮನೆಗಳ ಮರದ ಕಂಬ, ಕಬ್ಬಿಣದ ಕಟಾಂಜನ ಕಾಣುತ್ತವೆ. ಗಲ್ಲಿಗಳಲ್ಲಿ ಮೊಬೈಲಿನ ನಕಾಶೆ ನಂಬುವಂತಿಲ್ಲ. ಎರಡೂ ಬದಿಯ ಎತ್ತರದ ಗೋಡೆಗಳಿಗೆ ಸಿಗ್ನಲ್ ಬಡಿದು ವಾಪಸಾಗುವುದರಿಂದ ನೀಲಿ ಚುಕ್ಕೆ ಪಕ್ಕದ ಗಲ್ಲಿಗೆ ಹಾರುತ್ತದೆ. ಪೇಟೆಯ ಹೆಸರು ಹಿಡಿದು ದಾರಿ ಕೇಳುವುದೇ ಸರಿ: ಬಳೆಪೇಟೆ, ಅಕ್ಕಿಪೇಟೆ, ಅರಳೆಪೇಟೆ, ನಗರ್ತಪೇಟೆ. ತಪ್ಪಿದರೂ ದೊಡ್ಡಪೇಟೆ ತೆಂಕಣ ಬಡಗಣ, ಚಿಕ್ಕಪೇಟೆ ಮೂಡಣ ಪಡುವಣ ಎಂಬುದು ನೆನಪಿದ್ದರೆ ಬಿಸಿಲೇ ದಾರಿ ತೋರಿಸುತ್ತದೆ. ಬಯಲ ರಸ್ತೆಯಲ್ಲಿ ಕಿಲೋಮೀಟರಿಗೆ 15 ನಿಮಿಷವಾದರೆ ಇಲ್ಲಿ 25 ಹಿಡಿಯಿರಿ. ಒಬ್ಬರ ಫೋನು ಮಾತ್ರ ತೆರೆದಿರಲಿ, ಇನ್ನೊಬ್ಬರದು ಸಂಜೆಗೆ.

ವಾಪಸು ಮಾರ್ಕೆಟ್ಟಿಗೆ ಬಂದು ಕೋಟೆಯ ದೆಹಲಿ ಬಾಗಿಲು. ಕೆಂಪೇಗೌಡರ ಮಣ್ಣಿನ ಕೋಟೆಯನ್ನು ಹೈದರಾಲಿ 1761ರಲ್ಲಿ ಕಲ್ಲಿನದಾಗಿಸಿದ. 1791ರ ಮಾರ್ಚ್ 21ರಂದು ಕಾರ್ನ್‌ವಾಲಿಸನ ಸೈನ್ಯ ಇದನ್ನು ಭೇದಿಸಿತು. ಆಮೇಲೆ ಕೆಡವುತ್ತಾ ಬಂದು ಉಳಿದಿರುವುದು ಇಷ್ಟೇ ಎಂಬುದು ನೋಡಿದಾಗಲೆಲ್ಲ ಹೊಟ್ಟೆ ಉರಿಸುತ್ತದೆ. ಐದು ನಿಮಿಷದ ದೂರದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ. 1781ರಲ್ಲಿ ಹೈದರ್ ಶುರು ಮಾಡಿಸಿದ್ದು, ಮಗನ ಕಾಲದಲ್ಲಿ 1791ಕ್ಕೆ ಮುಗಿದದ್ದು. ತೇಗದ ಕಂಬಗಳ ಕೆತ್ತನೆ ನೋಡಲು ಅರ್ಧ ಗಂಟೆ ಬೇಕು. ಪಕ್ಕದ ಕೋಟೆ ವೆಂಕಟರಮಣ ದೇವಸ್ಥಾನ ಅದಕ್ಕಿಂತ ನೂರು ವರ್ಷ ಹಿಂದಿನದು.

ಅಲ್ಲಿಂದ ವಿಶ್ವೇಶ್ವರಪುರದ ಮೇಲೆ ಮಿನರ್ವ ವೃತ್ತ. ದಾರಿಯಲ್ಲಿ ಸಿಗುವ ತಿಂಡಿ ಬೀದಿಗೆ ಹಗಲಲ್ಲಿ ಜೀವವಿಲ್ಲ, ಅದು ಬೆಳಗುವುದು ಕತ್ತಲಾದ ಮೇಲೆ. ಊಟ ತಿಂಡಿಯ ವಿಚಾರದಲ್ಲಿ ವಾರ ನೋಡಿಕೊಂಡೇ ಹೊರಡಬೇಕು: ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ ರಜೆ, ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ. 1924ರ ಎಂಟಿಆರ್‌ನಲ್ಲಿ ಭಾನುವಾರ ಹೆಸರು ಬರೆಸಿ ಕಾಯಬೇಕು. ಹಸಿವು ಜೋರಾಗುವ ಮುಂಚೆಯೇ ಬರೆಸಿಬಿಡುವುದು ಕ್ಷೇಮ. ತುಪ್ಪದ ಊಟ ಹೊಡೆದು ಕೂಡಲೇ ಬಂಡೆ ಹತ್ತಬೇಡಿ.

ಆ ಬಂಡೆಯೇ ಲಾಲ್‌ಬಾಗಿನ ಅಸಲು ಸಂಪತ್ತು ಎನ್ನುವುದು ನಮ್ಮ ಅಭಿಪ್ರಾಯ. ಹೈದರ್ 1760ರಲ್ಲಿ ತೋಟ ಹಾಕಿಸಿದ, ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು, ಈ ಕಲ್ಲಿಗೆ ಮಾತ್ರ ಸುಮಾರು 300 ಕೋಟಿ ವರ್ಷ. ದೇವರಾಯನದುರ್ಗ ಹತ್ತಿ ಅಭ್ಯಾಸವಿರುವ ಕಾಲಿಗೆ ಏರು ಏನೂ ಅಲ್ಲ. ಆದರೆ ನೆರಳಿಲ್ಲ, ಡಿಸೆಂಬರಿನಲ್ಲೂ ಒಂದು ಗಂಟೆಯ ಹೊತ್ತಿಗೆ ಕಲ್ಲು ಕಾಯುತ್ತದೆ. ಮೊದಲು ಕೆರೆಯ ಕಡೆಯ ಬೂರುಗದ ಮರದ ನೆರಳಲ್ಲಿ ಒಂದು ಗಂಟೆ ಕೂತು, ಶೂ ಬಿಚ್ಚಿ, ಕಾಲುಚೀಲ ಬದಲಾಯಿಸಿ, ಮೂರರ ಮೇಲೆ ಬಂಡೆಗೆ ಬರಬೇಕು.

ಬಂಡೆಯ ನೆತ್ತಿಯಲ್ಲಿರುವುದು ಕೆಂಪೇಗೌಡರ ಹೆಸರಿನ ನಾಲ್ಕು ಗೋಪುರಗಳಲ್ಲಿ ದಕ್ಷಿಣದ್ದು. ಹಲಸೂರು ಮತ್ತು ಮೇಖ್ರಿ ವೃತ್ತದವು ದೂರ. ಪಶ್ಚಿಮದ್ದು ಮಾತ್ರ ಗವಿಪುರದ ಕೆಂಪಾಂಬುಧಿ ಕೆರೆಯ ಬಳಿ, ಕಾಲಳತೆಯಲ್ಲೇ ಇದೆ. ಒಂದು ಗೋಪುರದಿಂದ ಇನ್ನೊಂದಕ್ಕೆ ನಡೆದಾಗ ಹಳೆಯ ಊರಿನ ಗಾತ್ರ ಕಾಲಿಗೇ ತಿಳಿಯುತ್ತದೆ. ಪಶ್ಚಿಮದ ಬಾಗಿಲಿನಿಂದ ಹೊರಬಿದ್ದರೆ ಬಸವನಗುಡಿ. 1898ರ ಪ್ಲೇಗಿನ ನಂತರ ಇಕ್ಕಟ್ಟು ಪೇಟೆಯಿಂದ ಜನರನ್ನು ಹೊರತರಲು ಕಟ್ಟಿದ ಬಡಾವಣೆ ಇದು. ಬೆಳಗ್ಗೆ ಆ ಗಲ್ಲಿಗಳಲ್ಲಿ ನುಸುಳಿ ಬಂದವರಿಗೆ ಇಲ್ಲಿನ ಅಗಲ ರಸ್ತೆಗಳ ಕಾರಣ ಹೇಳಿಕೊಡಬೇಕಿಲ್ಲ. ಒಂದೇ ಕಲ್ಲಿನ ದೊಡ್ಡ ಬಸವ, ಪಕ್ಕದ ಬ್ಯೂಗಲ್ ರಾಕ್, ಆಮೇಲೆ ಇಳಿಜಾರಿನಲ್ಲಿ ಗವಿ ಗಂಗಾಧರೇಶ್ವರ. ಗವಿಯ ಗುಡಿ ಮಧ್ಯಾಹ್ನ ಮುಚ್ಚಿ ಸಂಜೆ 5ರ ಸುಮಾರಿಗೆ ತೆಗೆಯುತ್ತದೆ, ಹಾಗಾಗಿ ಈ ದಿಕ್ಕಿನಲ್ಲಿ ನಡೆದದ್ದೇ ಸರಿಯಾಯಿತು. ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವೆ ತೂರಿ ಲಿಂಗವನ್ನು ಮುಟ್ಟುವುದು ಇಲ್ಲೇ. ಅಂಗಳದ ಸೂರ್ಯಪಾನ, ಚಂದ್ರಪಾನದ ಕಲ್ಲಿನ ತಟ್ಟೆಗಳನ್ನು ನೋಡದೆ ಬರಬೇಡಿ. ಡಿಸೆಂಬರಿನಲ್ಲಿ ಆರರ ಸುಮಾರಿಗೇ ಹೊತ್ತು ಮುಳುಗುತ್ತದೆ, ಗೋಪುರವನ್ನು ಅದಕ್ಕೆ ಮೊದಲು ಮುಗಿಸಬೇಕು.

ವಾಪಸಿಗೆ ನ್ಯಾಷನಲ್ ಕಾಲೇಜು ನಿಲ್ದಾಣ. ಬೆಳಗ್ಗೆ ಊರ ಹೊರಗೇ ಇಳಿದದ್ದು ಟ್ರಾಫಿಕ್ ತಪ್ಪಿಸಲು, ಸಂಜೆ ಹಾಗೆ ಮಾಡಬಾರದು. ಗೊರಗುಂಟೆಪಾಳ್ಯಕ್ಕೆ ಬರುವಷ್ಟರಲ್ಲಿ ಶಿವಮೊಗ್ಗ, ದಾವಣಗೆರೆ ಬಸ್ಸುಗಳು ತುಂಬಿರುತ್ತವೆ, ಸೋತ ಕಾಲಲ್ಲಿ ನಿಂತು ಬರಬೇಕಾಗುತ್ತದೆ. ಮೆಜೆಸ್ಟಿಕ್‌ನಲ್ಲೇ ಇಳಿದು ಬಸ್‌ ಸ್ಟ್ಯಾಂಡಿನಲ್ಲಿ ಸೀಟು ಹಿಡಿಯಿರಿ. ಮನೆಗೆ ಬಂದ ಮೇಲೆ ಉಗುರು ಬೆಚ್ಚಗಿನ ನೀರಿಗೆ ಒಂದು ಹಿಡಿ ಕಲ್ಲುಪ್ಪು, ಹದಿನೈದು ನಿಮಿಷ ಕಾಲು ಇಳಿಬಿಟ್ಟುಕೊಂಡು ಕೂರುವುದು. ಬೊಬ್ಬೆ ಎದ್ದಿದ್ದರೆ ಒಡೆಯಬೇಡಿ, ಮೇಲಿನ ಚರ್ಮವೇ ಅದಕ್ಕೆ ಪಟ್ಟಿ.