ದಾರಿಯ ವೀಸಾ ಬರೆದ ಮನೆ

ಲಿಥುವೇನಿಯಾದ ಕೌನಸ್ ನಗರವನ್ನು ನೋಡಬೇಕೆಂಬ ಆಸೆ ನನ್ನಲ್ಲಿ ಹುಟ್ಟಿದ್ದು ಒಂದು ಜಪಾನಿ ಟೆಲಿಚಿತ್ರದಿಂದ. 1940ರ ಬೇಸಿಗೆಯಲ್ಲಿ ಅಲ್ಲಿ ಜಪಾನಿನ ಉಪ ಕಾನ್ಸಲ್ ಆಗಿದ್ದ ಚಿಯುನೆ ಸುಗಿಹಾರ ಅವರು, ನಾತ್ಸಿಗಳ ಕೈಗೆ ಸಿಗದೆ ಪೋಲೆಂಡಿನಿಂದ ಓಡಿಬಂದಿದ್ದ ಯಹೂದಿಗಳಿಗೆ ತಮ್ಮ ಸರ್ಕಾರದ ಸೂಚನೆಯನ್ನು ಮೀರಿ ವೀಸಾ ಬರೆದುಕೊಟ್ಟ ಕಥೆಯನ್ನು ಯೊಮಿಯುರಿ ವಾಹಿನಿ 2005ರಲ್ಲಿ ತೆರೆಗೆ ತಂದಿತ್ತು. ಸುಗಿಹಾರರ ಪಾತ್ರವನ್ನು ತಕಾಶಿ ಸೊರಿಮಾಚಿ ಮಾಡಿದ್ದರು. ಹಿನ್ನೆಲೆ ಸಂಗೀತ ನನ್ನ ಅಭಿರುಚಿಗೆ ತುಸು ಹೆಚ್ಚೇ ಆಯಿತಾದರೂ ಆ ಕಥೆ ವರ್ಷಗಟ್ಟಲೆ ಮನಸ್ಸಿನಿಂದ ಇಳಿಯಲಿಲ್ಲ.

ರಾಜಧಾನಿ ವಿಲ್ನಿಯಸ್‌ನಲ್ಲಿ ಕಳೆದ ಮೂರು ದಿನಗಳ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಅಲ್ಲಿಂದ ರೈಲಿನಲ್ಲಿ ಕೌನಸ್‌ಗೆ ಬಂದು, ನಿಲ್ದಾಣದ ಹಿಂದಿನ ಗುಡ್ಡವನ್ನೇರಿ ವೈಜ್‌ಗಾಂತೊ ಬೀದಿಯ 30ನೆಯ ಸಂಖ್ಯೆಯ, ಸುಗಿಹಾರ ವೀಸಾ ಬರೆದ, ಈಗ ವಸ್ತುಸಂಗ್ರಹಾಲಯವಾಗಿರುವ ಮನೆಯ ಮುಂದೆ ನಿಂತಾಗ ಸಂಜೆ ನಾಲ್ಕು ಗಂಟೆಯಾಗಿತ್ತು, ಬಾಗಿಲು ಮುಚ್ಚಿತ್ತು. ನನ್ನ ಫೋನಿನ ನಕ್ಷೆ ತೋರಿಸಿದ್ದು ಬೇಸಿಗೆಯ ವೇಳಾಪಟ್ಟಿಯನ್ನು. ಚಳಿಗಾಲದಲ್ಲಿ ಹೋಗುವವರು ನಕ್ಷೆಯನ್ನು ನಂಬದೆ ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ನನಗಂತೂ ಅದರಿಂದ ಒಂದು ರಾತ್ರಿಯ ಕೋಣೆ ಬಾಡಿಗೆ ದಂಡವಾಯಿತು.

ಮರುದಿನ ಬೆಳಿಗ್ಗೆ ಒಳಗೆ ಹೋದಾಗ ಮೊದಲು ಬೆರಗು ಹುಟ್ಟಿಸಿದ್ದು ಆ ಮನೆಯ ಸಾಧಾರಣತೆ. ಎರಡು ಯುದ್ಧಗಳ ನಡುವೆ ವಿಲ್ನಿಯಸ್ ಪೋಲೆಂಡಿನ ವಶದಲ್ಲಿದ್ದ ಕಾರಣ ಕೌನಸ್ ತಾತ್ಕಾಲಿಕ ರಾಜಧಾನಿಯಾಗಿತ್ತು, ಹಾಗಾಗಿ ರಾಯಭಾರ ಕಚೇರಿಗಳೆಲ್ಲ ಇಲ್ಲಿದ್ದವು. ಆದರೆ ಜಪಾನಿನ ಕಚೇರಿಯಾಗಿದ್ದುದು ಮರಗಳ ನಡುವಿನ ಒಂದು ವಾಸದ ಮನೆ. ಸುಗಿಹಾರ ಅವರ ಹೆಂಡತಿ ಮಕ್ಕಳೂ ಅದೇ ಮನೆಯಲ್ಲಿದ್ದರು. ಜುಲೈ ತಿಂಗಳಲ್ಲಿ ಗೇಟಿನ ಹೊರಗೆ ನೂರಾರು ಜನ ನಿಂತಾಗ ಆ ಗದ್ದಲ ಮಕ್ಕಳಿಗೂ ಕೇಳಿಸಿರಬೇಕು. ಸುಗಿಹಾರ ಕುಳಿತು ವೀಸಾ ಬರೆದ ಕೋಣೆಯನ್ನು ಮೇಜು, ಕುರ್ಚಿ, ಧ್ವಜಗಳ ಸಮೇತ ಅಂದಿನಂತೆಯೇ ಅಣಿಗೊಳಿಸಿದ್ದಾರೆ. ಅವರ ಪಟ್ಟಿಯಲ್ಲಿ 2,100ಕ್ಕೂ ಹೆಚ್ಚು ಹೆಸರುಗಳಿವೆ, ಒಂದೊಂದು ವೀಸಾದ ಮೇಲೆ ಇಡೀ ಕುಟುಂಬವೇ ಹೋದದ್ದೂ ಉಂಟು.

ಗಾಜಿನೊಳಗಿನ ವೀಸಾ ಪ್ರತಿಯೊಂದನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದ ನನ್ನ ಬಳಿಗೆ ಅಲ್ಲಿನ ಹಿರಿಯ ಮಹಿಳೆಯೊಬ್ಬರು ಬಂದು, ಏನಾದರೂ ಕೇಳುವುದಿದೆಯೇ ಎಂದರು. ಟೋಕಿಯೊ ಏನು ಹೇಳಿತ್ತು ಎಂದು ಕೇಳಿದೆ.

“ಕೈಯಲ್ಲಿ ಸಾಕಷ್ಟು ಹಣ, ಮುಂದಿನ ದೇಶದ ಪ್ರವೇಶಾನುಮತಿ, ಎರಡೂ ಇದ್ದವರಿಗೆ ಮಾತ್ರ ಕೊಡು ಎಂದಿತ್ತು,” ಎಂದರು. ನನಗೆ ನಗು ಬಂತು. ಇಲ್ಲಿಗೆ ಬರುವ ವೀಸಾಕ್ಕಾಗಿ ನಾನೂ ಬ್ಯಾಂಕಿನ ಲೆಕ್ಕ, ಹೋಟೆಲಿನ ಕಾಗದ, ಹಿಂದಿರುಗುವ ಟಿಕೆಟ್ಟುಗಳ ಕಟ್ಟನ್ನೇ ಕೊಟ್ಟಿದ್ದೆನೆಂದು ಹೇಳಿದೆ. ಅವರು ನಗಲಿಲ್ಲ.

“ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಮೇಜನ್ನು ನೋಡಿ ಕಣ್ಣೊರೆಸಿಕೊಳ್ಳುತ್ತಾರೆ, ಡಚ್ಚರವನ ಬಗ್ಗೆ ಕೇಳುವವರು ಕಡಿಮೆ. ಸುಗಿಹಾರ ಬರೆದದ್ದು ಜಪಾನಿನ ಮೂಲಕ ಹಾದುಹೋಗುವ ವೀಸಾ. ದಾರಿ ಎಂದಮೇಲೆ ಸೇರುವ ಊರೊಂದು ಬೇಕಲ್ಲ?”

ಆ ಊರನ್ನು ಒದಗಿಸಿದವರು ಯಾನ್ ಜ್ವಾರ್ಟೆನ್‌ಡೈಕ್. ಅವರು ಫಿಲಿಪ್ಸ್ ಕಂಪನಿಯ ಪ್ರತಿನಿಧಿ, ನೆದರ್ಲೆಂಡಿನ ಕಾನ್ಸಲ್ ಹೊಣೆ ಹೆಗಲಿಗೆ ಬಿದ್ದು ಕೆಲವೇ ವಾರಗಳಾಗಿದ್ದವು. ಕೆರಿಬಿಯನ್ ಸಮುದ್ರದ ಡಚ್ ವಸಾಹತು ಕ್ಯುರಸಾವ್‌ಗೆ ಹೋಗಲು ವೀಸಾ ಬೇಕಿಲ್ಲ ಎಂದು ಅವರು ಪಾಸ್‌ಪೋರ್ಟುಗಳಲ್ಲಿ ಬರೆದರು. ಅಲ್ಲಿ ಇಳಿಯಲು ರಾಜ್ಯಪಾಲರ ಅಪ್ಪಣೆ ಬೇಕೆಂಬ ಮಾತನ್ನು ಬೇಕೆಂದೇ ಬಿಟ್ಟರು. ಆ ಅರ್ಧ ಸತ್ಯದ ಆಧಾರದ ಮೇಲೆ ಸುಗಿಹಾರ ತಮ್ಮ ಮೊಹರು ಒತ್ತಿದರು, ನಿರಾಶ್ರಿತರು ಸೈಬೀರಿಯಾದ ರೈಲಿನಲ್ಲಿ ವ್ಲಾಡಿವೊಸ್ಟೋಕ್ ತಲುಪಿ, ಹಡಗೇರಿ ಜಪಾನಿನ ತ್ಸುರುಗಾ ಬಂದರಿಗೆ ಹೋದರು. ಟೆಲಿಚಿತ್ರ ನೋಡಿದ ನನ್ನ ನೆನಪಿನಲ್ಲಿ ಉಳಿದದ್ದು ಒಬ್ಬರೇ ಎಂದು ಒಪ್ಪಿಕೊಂಡಾಗ, “ನಾಟಕಕ್ಕೆ ಒಬ್ಬ ನಾಯಕ ಸಾಕು,” ಎಂದು ಆಕೆ ಮೃದುವಾಗಿಯೇ ಹೇಳಿದರು. ಹೊರಡುವಾಗ, ಹೋಗಲಾಗದೆ ಉಳಿದವರ ಜಾಗವನ್ನೂ ನೋಡಿ ಹೋಗಿ ಎಂದು ಒಂಬತ್ತನೆಯ ಕೋಟೆಯ ಬಸ್ಸಿನ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಟ್ಟರು. 1941ರ ಅಕ್ಟೋಬರ್ 29ರಂದು, ಒಂದೇ ದಿನದಲ್ಲಿ, ಅಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ಗುಂಡಿಟ್ಟು ಕೊಂದರು.

ಕೋಟೆಗೆ ಹೋಗಿ ಬಂದೆ. ಅದರ ಬಗ್ಗೆ ಇಲ್ಲಿ ಬರೆಯಲಾರೆ.

ಸಂಜೆ ಲೈಸ್ವೆಸ್ ಅಲೇಯಾ ಎಂಬ ಸಾಲುಮರದ ಬೀದಿಗೆ ಹೋದೆ. ಜ್ವಾರ್ಟೆನ್‌ಡೈಕ್ ಅವರ ಕಚೇರಿ ಇದ್ದ ಕಟ್ಟಡದ ಮುಂದೆ, 2018ರಲ್ಲಿ ಅನಾವರಣಗೊಂಡ ಸ್ಮಾರಕ ಮರಗಳ ನಡುವೆ ತೂಗುತ್ತದೆ. ಪಾಸ್‌ಪೋರ್ಟುಗಳನ್ನು ಹೋಲುವ ಸುಮಾರು 2,000 ದೀಪಗಳ ಸುರುಳಿ ಅದು. ಕಂಚಿನ ಪ್ರತಿಮೆಗಳಿಗಿಂತ ನನಗೆ ಇದು ಹಿಡಿಸಿತು. ದೀಪಗಳ ಕೆಳಗೆ ನಿಂತು ವಿಲ್ನಿಯಸ್‌ಗೆ ಕೊನೆಯ ರೈಲು ಎಷ್ಟು ಗಂಟೆಗೆಂದು ಫೋನಿನಲ್ಲಿ ನೋಡಿದೆ. ಈ ಸಲ ಅದನ್ನು ನಂಬದೆ, ಅರ್ಧ ಗಂಟೆ ಮೊದಲೇ ನಿಲ್ದಾಣಕ್ಕೆ ಹೋಗಿ, ಅಲ್ಲಿ ಸುಗಿಹಾರ ಅವರ ನೆನಪಿಗೆ ಹಾಕಿರುವ ಫಲಕದ ಬಳಿ ಕಾದೆ. 1940ರ ಸೆಪ್ಟೆಂಬರಿನಲ್ಲಿ ಅವರು ಕುಟುಂಬದೊಂದಿಗೆ ರೈಲು ಹತ್ತಿದ್ದು ಇಲ್ಲಿಂದಲೇ.