ಹೆಬ್ಬೆರಳು ಎಲ್ಲಿ ಕೂರಬೇಕು: ಡಿಸ್ಕ್ ಗಾಲ್ಫ್ ಹಿಡಿತದ ಕುರಿತು

ಚಪ್ಪಟೆ ಡಿಸ್ಕನ್ನು ಎಸೆದು ದೂರದ ಬಾಸ್ಕೆಟ್ಟಿಗೆ ಬೀಳಿಸುವ ಆಟ ಡಿಸ್ಕ್ ಗಾಲ್ಫ್. ಅದನ್ನು ಕಲಿಯಲು ಬರುವವರಿಗೆ ಸಾಮಾನ್ಯವಾಗಿ ಮೊದಲು ಹೇಳಿಕೊಡುವುದು ಓಡಿಬರುವ ಹೆಜ್ಜೆ ಮತ್ತು ಸೊಂಟದ ತಿರುವು. ಅವೆರಡೂ ಬೇಕಾದವೇ. ಆದರೆ ಕಾಲಿನಿಂದ ಹೊರಟು ಸೊಂಟ, ಭುಜ, ಮೊಣಕೈಗಳನ್ನು ದಾಟಿ ಬಂದ ಶಕ್ತಿಯೆಲ್ಲ ಕೊನೆಗೆ ಡಿಸ್ಕನ್ನು ಸೇರುವುದು ಅಂಚನ್ನು ಹಿಡಿದಿರುವ ಬೆರಳುಗಳ ಮೂಲಕ. ಅಲ್ಲಿ ಸಡಿಲವಿದ್ದರೆ ಹಿಂದಿನ ಶ್ರಮವೆಲ್ಲ ಸೋರಿಹೋಗುತ್ತದೆ. ನಾನು ಆಡುವುದು ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್‌ನ ಡಿಲವಿಯಾಗಾ ಕೋರ್ಸಿನಲ್ಲಿ. ಅಲ್ಲಿ ಮರಗಳ ನಡುವಿನ ದಾರಿಗಳು ಕಿರಿದು, ಬದಿಯಲ್ಲಿ ಇಳಿಜಾರು. ಡಿಸ್ಕ್ ಕೊಂಚ ದಾರಿತಪ್ಪಿದರೂ ಉರುಳಿಕೊಂಡು ಹಳ್ಳ ಸೇರುತ್ತದೆ. ಸುತ್ತಲಿನ ಊರುಗಳಿಂದ ವಾರಾಂತ್ಯದಲ್ಲಿ ಬರುವ ಕನ್ನಡದ ಗೆಳೆಯರಿಗೆ ನಾನು ಮೊದಲು ತೋರಿಸುವುದು ಹಿಡಿತವನ್ನು, ಅದರಲ್ಲಿಯೂ ಹೆಬ್ಬೆರಳಿನ ಜಾಗವನ್ನು.

ಈ ಆಟದಲ್ಲಿ ಹಿಡಿತಗಳು ಬೇರೆಬೇರೆಯಾಗಿರುವುದಕ್ಕೆ ಡಿಸ್ಕಿನ ಆಕಾರ ಬದಲಾದದ್ದೂ ಒಂದು ಕಾರಣ. 1975ರಲ್ಲಿ ಲಾಸ್ ಏಂಜಲೀಸ್ ಬಳಿಯ ಓಕ್ ಗ್ರೋವ್ ಉದ್ಯಾನದಲ್ಲಿ ಎಡ್ ಹೆಡ್ರಿಕ್ ಅವರು ಕೋರ್ಸ್ ರೂಪಿಸಿದಾಗ ಜನ ಎಸೆಯುತ್ತಿದ್ದುದು ಹಿಡಿದಾಡುವ ಸಾಮಾನ್ಯ ಫ್ರಿಸ್ಬಿಗಳನ್ನೇ. ಅವುಗಳ ಅಂಚು ತೆಳು, ಹೊಟ್ಟೆ ಆಳ. ಬೆರಳುಗಳನ್ನು ಅಡಿಯಲ್ಲಿ ಬಿಡಿಸಿ ಹಿಡಿದರೆ ಸಾಕಾಗುತ್ತಿತ್ತು. 1983ರಲ್ಲಿ ಡೇವ್ ಡನಿಪೇಸ್ ಅವರ ವಿನ್ಯಾಸದಲ್ಲಿ ಇನ್ನೋವಾ ಸಂಸ್ಥೆಯು ಓರೆಯಾಗಿ ಚೂಪಾದ ಅಂಚಿನ ಈಗಲ್ ಎಂಬ ಡಿಸ್ಕನ್ನು ತಂದ ಮೇಲೆ ಅಂಚುಗಳು ಅಗಲವಾಗುತ್ತಾ ಹೋದವು. ಇಂದಿನ ನಿಯಮದ ಪ್ರಕಾರ ಅಂಚಿನ ಅಗಲ 2.6 ಸೆಂಟಿಮೀಟರ್ ಮೀರುವಂತಿಲ್ಲ, ಮತ್ತು ದೂರಕ್ಕೆ ಎಸೆಯುವ ಡ್ರೈವರ್‌ಗಳು ಆ ಮಿತಿಯ ಹತ್ತಿರಕ್ಕೇ ಬಂದು ನಿಂತಿವೆ. ಇಂಥ ಅಂಚನ್ನು ಮುಷ್ಟಿಯಲ್ಲಿ ಹಿಡಿಯದೆ ಬಲವಾಗಿ ಎಸೆಯುವುದು ಕಷ್ಟ.

ಆ ಮುಷ್ಟಿಯ ಹಿಡಿತಕ್ಕೇ ಪವರ್ ಗ್ರಿಪ್ ಎನ್ನುತ್ತಾರೆ. ಬ್ಯಾಕ್‌ಹ್ಯಾಂಡ್ ಎಸೆತಕ್ಕೆ, ಅಂದರೆ ಕೈಯನ್ನು ಎದೆಗೆ ಅಡ್ಡವಾಗಿ ಒಯ್ದು ಹೊರಕ್ಕೆ ಬೀಸುವ ಎಸೆತಕ್ಕೆ, ನಾಲ್ಕೂ ಬೆರಳುಗಳು ಅಂಚಿನ ಅಡಿಯಿಂದ ಒಳಕ್ಕೆ ಮಡಚಿಕೊಂಡು, ತುದಿಗಳು ಅಂಚಿನ ಒಳಗೋಡೆಗೆ ಒತ್ತಬೇಕು. ಬೆರಳು ಅಂಚಿನ ತಳಕ್ಕೆ ಚಪ್ಪಟೆಯಾಗಿ ತಾಗಿದ್ದರೆ ಅದು ಹಿಡಿತವಲ್ಲ, ಕೇವಲ ಆಧಾರ. ಹೊರಅಂಚು ಅಂಗೈಯ ಮಡಿಕೆಯಲ್ಲಿ, ತೋರುಬೆರಳಿನ ಬುಡದಿಂದ ಓರೆಯಾಗಿ ಹೋಗುವ ಗೆರೆಯಲ್ಲಿ ಕೂರುವುದು ಒಳ್ಳೆಯದು. ತೋಳು ಬಿಚ್ಚಿಕೊಳ್ಳುವಾಗ ಡಿಸ್ಕ್ ಮೊದಲು ಅಂಗೈಯಿಂದ ಹೊರಳುತ್ತದೆ, ಬಳಿಕ ಹಿಂದಿನ ಬೆರಳುಗಳು ಒಂದೊಂದಾಗಿ ಬಿಟ್ಟುಕೊಡುತ್ತವೆ, ಕಟ್ಟಕಡೆಗೆ ಉಳಿಯುವುದು ತೋರುಬೆರಳು ಮತ್ತು ಹೆಬ್ಬೆರಳಿನ ನಡುವಿನ ಚಿವುಟು. ಡಿಸ್ಕಿಗೆ ಸಿಗುವ ಸುತ್ತು ಹುಟ್ಟುವುದು ಆ ಬಿಂದುವಿನಲ್ಲಿ. ಗಾಳಿಯಲ್ಲಿ ಅದನ್ನು ಅಲುಗದಂತೆ ಸ್ಥಿರವಾಗಿ ಇಡುವುದೂ ಆ ಸುತ್ತೇ. ಆದ್ದರಿಂದಲೇ ನುರಿತ ಆಟಗಾರರು ಡಿಸ್ಕನ್ನು ತಾವಾಗಿ ಬಿಡುವುದಿಲ್ಲ, ಅದು ಅವರ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಎಸೆತ ಸರಿಯಾಗಿ ಬಿದ್ದಾಗ ತೋರುಬೆರಳಿನ ತುದಿಯ ಮೆತ್ತೆಯಲ್ಲಿ ಅಡ್ಡವಾಗಿ ಒಂದು ಕೆಂಪು ಗೆರೆ ಮೂಡಿ, ಸ್ವಲ್ಪ ಹೊತ್ತು ಬಿಸಿಯಾಗಿರುತ್ತದೆ. ಕೈಯಲ್ಲಿ ಆ ಗುರುತು ಕಾಣದಿದ್ದರೆ ಚಿವುಟು ಎಲ್ಲೋ ಮೊದಲೇ ಸಡಿಲಿಸಿದೆ ಎಂದು ನಾನು ತಿಳಿಯುತ್ತೇನೆ.

ಈಗ ಹೆಬ್ಬೆರಳು. ಅದು ಡಿಸ್ಕಿನ ಮೇಲ್ಮೈ ಮೇಲೆ, ಅಂಚಿನ ಇಳಿಜಾರು ಮುಗಿದು ಚಪ್ಪಟೆ ಭಾಗ ಶುರುವಾಗುವ ಜಾಗದಿಂದ ಸ್ವಲ್ಪ ಒಳಕ್ಕೆ, ತೋರುಬೆರಳು ಮತ್ತು ನಡುಬೆರಳಿನ ನೇರ ಮೇಲಕ್ಕೆ ಬರಬೇಕು. ಇದರಲ್ಲಿ ಸನ್ನೆಕೋಲಿನ ಲೆಕ್ಕವಿದೆ. ಕೆಳಗಿನ ಬೆರಳುಗಳು ಅಂಚನ್ನು ಮೇಲಕ್ಕೆ ಎತ್ತುತ್ತಿರುತ್ತವೆ. ಹೆಬ್ಬೆರಳು ಅವುಗಳಿಗಿಂತ ಒಳಗಿನಿಂದ ಕೆಳಕ್ಕೆ ಒತ್ತಿದಾಗ ಡಿಸ್ಕಿನ ಆಚೆಯ ಬದಿ, ಅಂದರೆ ಎಸೆತದಲ್ಲಿ ಮುಂದಾಗುವ ಮೂಗು, ತಗ್ಗಿಯೇ ಇರುತ್ತದೆ. ಹೆಬ್ಬೆರಳು ಅಂಚಿನ ಓರೆಯ ಮೇಲೆ ಜಾರಿ ಮಲಗಿದರೆ ಆ ಹತೋಟಿ ತಪ್ಪಿ ಮೂಗು ಮೇಲೇಳುತ್ತದೆ. ಮೂಗು ಎದ್ದ ಡಿಸ್ಕ್ ಎಷ್ಟೇ ವೇಗದಲ್ಲಿ ಹೊರಟರೂ ಗಾಳಿಯಲ್ಲಿ ಏರಿ, ವೇಗ ಕಳೆದುಕೊಂಡು, ಬಲಗೈಯವರ ಬ್ಯಾಕ್‌ಹ್ಯಾಂಡಿನಲ್ಲಿ ಎಡಕ್ಕೆ ವಾಲಿ ಬಿದ್ದುಬಿಡುತ್ತದೆ. ತೋಳಿನಲ್ಲಿ ಬಲವಿದ್ದೂ ದೂರ ಸಿಗದೆ ಕೊರಗುವ ಹೊಸಬರಲ್ಲಿ ನಾನು ಹೆಚ್ಚಾಗಿ ಕಂಡಿರುವ ಕೊರತೆ ಇದು. ಹಾಗೆಂದು ಹೆಬ್ಬೆರಳನ್ನು ನಡುಮಧ್ಯದವರೆಗೆ ಚಾಚಬಾರದು. ಆಗ ಚಿವುಟಿನ ಎರಡು ತುದಿಗಳು ಒಂದಕ್ಕೊಂದು ಎದುರಾಗುವುದಿಲ್ಲ, ಡಿಸ್ಕ್ ಅದುರುತ್ತಾ ಹೊರಡುತ್ತದೆ. ಮಣಿಕಟ್ಟೂ ಇದರ ಜೊತೆಗೂಡಬೇಕು: ಸುತ್ತಿಗೆಯ ಏಟು ಮೊಳೆಗೆ ಬಿದ್ದ ಕ್ಷಣದಲ್ಲಿ ಅದು ಕಿರುಬೆರಳಿನ ಕಡೆಗೆ ಬಾಗುವಂತೆ ಇಲ್ಲಿಯೂ ತುಸು ಕೆಳಕ್ಕೆ ಬಾಗಿದ್ದರೆ ಡಿಸ್ಕ್ ಮುಂದೋಳಿನ ಗೆರೆಗೆ ಸಮನಾಗಿ ಒರಗುತ್ತದೆ.

ಎಷ್ಟು ಗಟ್ಟಿಯಾಗಿ ಹಿಡಿಯಬೇಕು ಎಂಬುದು ಮುಂದಿನ ಪ್ರಶ್ನೆ. ಬೆರಳು ಮಡಚುವ ಸ್ನಾಯುಗಳು ಇರುವುದು ಮುಂದೋಳಿನಲ್ಲಿ, ಅವುಗಳ ಸ್ನಾಯುರಜ್ಜುಗಳು ಮಣಿಕಟ್ಟನ್ನು ಹಾದುಬರುತ್ತವೆ. ಆದಕಾರಣ ಮೊದಲಿನಿಂದಲೇ ಹಿಂಡಿ ಹಿಡಿದರೆ ಮಣಿಕಟ್ಟು ಬಿಗಿದುಕೊಂಡು ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಕೈ ಹಿಂದೆ ಹೋಗುವಾಗ ಡಿಸ್ಕ್ ಬೀಳದಷ್ಟು ಹಿಡಿತ ಸಾಕು. ಅದು ಎದೆಯ ಮುಂದೆ ಬರುವ ಹೊತ್ತಿಗೆ ಬೆರಳ ತುದಿಗಳು ಬಿಗಿಯಾಗಲಿ. ಡಿಸ್ಕ್ ತಡವಾಗಿ ಬಿಟ್ಟು ಬಲಕ್ಕೆ ಹಾರಿದಾಗ ಹಿಡಿತವನ್ನು ಸಡಿಲಿಸುವ ಅಭ್ಯಾಸ ಹಲವರಲ್ಲಿದೆ. ಅದು ಸಾಮಾನ್ಯವಾಗಿ ಭುಜ ಮತ್ತು ತೋಳಿನ ಹೊಂದಾಣಿಕೆಯ ದೋಷವೆಂದೇ ನನ್ನ ಅಭಿಪ್ರಾಯ, ಬೆರಳಿನದಲ್ಲ.

ಹತ್ತಿರದ ಎಸೆತಗಳಿಗೆ, ಮುಖ್ಯವಾಗಿ ಬಾಸ್ಕೆಟ್ಟಿನಿಂದ 10 ಮೀಟರ್ ಒಳಗಿನ ಪಟ್‌ಗಳಿಗೆ, ಹಳೆಯ ಬೀಸಣಿಗೆ ಹಿಡಿತವೇ ಇಂದಿಗೂ ಚೆನ್ನ. ಅದಕ್ಕೆ ಫ್ಯಾನ್ ಗ್ರಿಪ್ ಎನ್ನುತ್ತಾರೆ. ಬೆರಳುಗಳು ತಳದಲ್ಲಿ ಬಿಡಿಬಿಡಿಯಾಗಿ ಹರಡಿಕೊಂಡು ಡಿಸ್ಕಿನ ಮಟ್ಟವನ್ನು ಕಾಯುತ್ತವೆ, ತೋರುಬೆರಳನ್ನು ಕೆಲವರು ಹೊರಅಂಚಿನ ಮೇಲೆ ಇಡುತ್ತಾರೆ. ಬಲ ಕಡಿಮೆಯಾಗುತ್ತದೆ, ಆದರೆ ಪಟ್‌ಗೆ ಬಲ ಬೇಕಾಗಿಲ್ಲ.

ಅಂಗೈ ಮುಂದಾಗಿ ಕೈಯನ್ನು ಬದಿಯಿಂದ ಬೀಸುವ ಫೋರ್‌ಹ್ಯಾಂಡಿನ ವಿಚಾರ ಬೇರೆ. ಇಲ್ಲಿ ನಡುಬೆರಳಿನ ಮೆತ್ತೆ ಅಂಚಿನ ಒಳಗೋಡೆಗೆ ಒತ್ತಿಕೊಂಡಿರುತ್ತದೆ. ತೋರುಬೆರಳು ಅದಕ್ಕೆ ಅಂಟಿಕೊಂಡಿದ್ದರೆ ಬಲ ಹೆಚ್ಚು, ಬಿಡಿಸಿ ಡಿಸ್ಕಿನ ಮಧ್ಯದ ಕಡೆಗೆ ಚಾಚಿದರೆ ಮಟ್ಟ ಕಾಪಾಡುವುದು ಸುಲಭ. ಉಂಗುರಬೆರಳು ಮತ್ತು ಕಿರುಬೆರಳು ಅಂಗೈಯೊಳಗೆ ಮಡಚಿಕೊಂಡಿರುತ್ತವೆ. ಅಂಚು ಹೆಬ್ಬೆರಳು ಮತ್ತು ತೋರುಬೆರಳಿನ ಸಂದಿಗೆ ಪೂರ್ತಿ ಸೇರಿ ಕೂತಿರಬೇಕು, ಮೇಲಿನ ಹೆಬ್ಬೆರಳು ಬ್ಯಾಕ್‌ಹ್ಯಾಂಡಿಗಿಂತಲೂ ಗಟ್ಟಿಯಾಗಿ ಒತ್ತಬೇಕು; ಸಂದಿಯಲ್ಲಿ ಗಾಳಿ ಆಡುವಷ್ಟು ಜಾಗ ಉಳಿದರೂ ಡಿಸ್ಕ್ ಕೈಬಿಟ್ಟ ಕೂಡಲೇ ಬಡಬಡನೆ ಅದುರುತ್ತದೆ. ಕ್ರಿಕೆಟ್‌ನಲ್ಲಿ ಬದಿಯಿಂದ ಕೈಬೀಸಿ ಚೆಂಡನ್ನು ವಿಕೆಟ್ಟಿಗೆ ಎಸೆದು ರೂಢಿಯಿರುವ ನಮ್ಮ ಹುಡುಗ ಹುಡುಗಿಯರಿಗೆ ಈ ಎಸೆತ ಬೇಗ ಒಲಿಯುವುದನ್ನು ಸಂತೋಷದಿಂದ ನೋಡಿದ್ದೇನೆ. ಒರಟು ಪ್ಲಾಸ್ಟಿಕ್ಕಿನಿಂದ ನಡುಬೆರಳಿನ ಚರ್ಮ ಕಿತ್ತರೆ ಬೆರಳಿಗೆ ಟೇಪ್ ಸುತ್ತಿಕೊಳ್ಳಬಹುದು. ನಿಯಮದಲ್ಲಿ ಅದಕ್ಕೆ ಅವಕಾಶವಿದೆ.

ಕೈ ಚಿಕ್ಕದಾಗಿರುವವರಿಗೆ ಒಂದು ಮಾತು ಒತ್ತಿ ಹೇಳಬೇಕು. ಅಂಗಡಿಯಲ್ಲಿ ಅತ್ಯಂತ ವೇಗದ ಡ್ರೈವರ್ ಆರಿಸಿಕೊಳ್ಳುವ ಆಸೆ ಎಲ್ಲರಿಗೂ ಆಗುತ್ತದೆ, ಆದರೆ ಬೆರಳ ತುದಿ ಒಳಗೋಡೆಯನ್ನು ಮುಟ್ಟದಷ್ಟು ಅಂಚು ಅಗಲವಾಗಿದ್ದರೆ ಮೇಲೆ ಹೇಳಿದ ಯಾವ ಹಿಡಿತವೂ ಸಾಧ್ಯವಾಗುವುದಿಲ್ಲ. ಡಿಸ್ಕನ್ನು ಕೈಗೆ ತೆಗೆದುಕೊಂಡು, ಬೆರಳುಗಳನ್ನು ಮಡಚಿ, ಹೆಬ್ಬೆರಳನ್ನು ಅದರ ಜಾಗದಲ್ಲಿ ಇಟ್ಟು, ಇನ್ನೊಬ್ಬರಿಗೆ ಆಚೆಯ ಬದಿಯನ್ನು ಹಿಡಿದು ಎಳೆಯಲು ಹೇಳಿ. ಸುಲಭವಾಗಿ ಜಾರಿ ಬಂದರೆ ಅದನ್ನು ಅಲ್ಲಿಯೇ ಇಟ್ಟು, ಅದಕ್ಕಿಂತ ಕಿರಿದಾದ ಅಂಚಿನ ಮಧ್ಯಮ ದೂರದ ಮಿಡ್‌ರೇಂಜ್ ಅಥವಾ ಹತ್ತಿರದ ಎಸೆತದ ಪಟರ್ ಡಿಸ್ಕ್ ಒಂದನ್ನು ಕೊಂಡುಕೊಳ್ಳಿ.